ಒಂಬತ್ತನೆಯ ಪಾಠದ ಆರು ನಿಮಿಷ

ಇಂಟರ್ನೆಟ್ಟಿನಲ್ಲಿರುವ ತನ್ನ ಲಿಫ್ಟ್ ರಿಪೇರಿ ಪಾಠಗಳನ್ನು ಇವತ್ತು ಸಂಜೆ ಐದಕ್ಕೆ ತೆಗೆದುಬಿಡುತ್ತಾರೆ ಎನ್ನುವುದು ಹಲ್ಲುಜ್ಜುತ್ತಿರುವಾಗ ನೆನಪಾಗಿ, ಅವಳು ಬಾಯಿ ತುಂಬ ನೊರೆ ಇಟ್ಟುಕೊಂಡೇ ಹಜಾರಕ್ಕೆ ಬಂದು ಪ್ಯಾನೆಲಿನ ಎದುರು ನಿಂತಳು. ತೆಗೆಯಿರಿ ಎಂದು ಮೂರು ತಿಂಗಳ ಹಿಂದೆ ಬರೆದುಕೊಟ್ಟವಳು ತಾನೇ. ಬರೆದುಕೊಟ್ಟ ಮೇಲೆ ಎರಡು ಸಲ ನೆನಪಿಸಿದವಳೂ ತಾನೇ. ಆದರೂ ಈಗ, ಯಾರೋ ತನ್ನನ್ನು ಒಂದು ಮಾತೂ ಕೇಳದೆ ಮನೆಯ ಸಾಮಾನನ್ನೆಲ್ಲ ಬೀದಿಗಿಡುತ್ತಿದ್ದಾರೆ ಅನ್ನುವಂಥ ಸಿಟ್ಟು ಬಂತು. ಅದು ಯಾರ ಮೇಲಿನ ಸಿಟ್ಟು ಎಂದು ಹುಡುಕುವಷ್ಟರಲ್ಲಿ ನೊರೆ ಗಲ್ಲಕ್ಕಿಳಿಯಿತು. ಬೇರೆಯವರ ಮನೆಯಲ್ಲಿ ಕನ್ನಡಿಯೋ ಕಪಾಟೋ ಇರುವ ಜಾಗದಲ್ಲಿ ಅವಳ ಹಜಾರದಲ್ಲಿ ಆಳೆತ್ತರದ, ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಯಿತ್ತು. ಕೆಡವಿಹಾಕಿದ ಏಳಂತಸ್ತಿನ ಕಟ್ಟಡವೊಂದರ ಲಿಫ್ಟನ್ನು ಮೂವತ್ತು ವರ್ಷ ಏರಿಳಿಸಿದ ಪ್ಯಾನೆಲು ಅದು. ಒಳಗೆ ಸಾಲುಸಾಲು ರಿಲೇಗಳು. ಗುಂಡಿ ಒತ್ತಿದರೆ ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಂಡ ಹಾಗೆ ಟಕ್, ಟಕಟಕ್ ಎಂದು ಮುಚ್ಚಿ ತೆರೆದುಕೊಳ್ಳುವಂಥವು. ಮೋಟರಿನ ಬದಲು ಅವಳು ಮೂರು ಬಲ್ಬು ಕಟ್ಟಿದ್ದಳು. ಬಲ್ಬು ಹತ್ತಿದರೆ ಲಿಫ್ಟು ಏರುತ್ತಿದೆ ಎಂದು ಅರ್ಥ. ಏರದೇ ಇರುವ ಈ ಲಿಫ್ಟಿನಲ್ಲಿ ಹನ್ನೊಂದು ವರ್ಷಗಳಲ್ಲಿ ಎಷ್ಟು ಜನ ಏರಿಹೋದರೋ.

ಎಷ್ಟು ಜನ ಎನ್ನುವುದು ಹತ್ತು ಗಂಟೆಗೆ ತಿಳಿಯಿತು. ತರಬೇತಿ ಸಂಸ್ಥೆಯ ಅಧಿಕಾರಿ ಫೋನು ಮಾಡಿದ. ಪಾಠಗಳನ್ನು ಇಂಟರ್ನೆಟ್ಟಿಗೆ ಹಾಕುವುದು, ಹಳತಾದದ್ದನ್ನು ತೆಗೆಯುವುದು ಅವನ ಕೆಲಸ. ಮಾತಿನಲ್ಲಿ ಯಾವಾಗಲೂ ಬಸ್ಸು ತಪ್ಪಿಹೋಗುತ್ತದೆ ಎಂಬ ಗಡಿಬಿಡಿ.

"ಮೇಡಂ, ಐದಕ್ಕೆ ನಾನೇ ಫೋನ್ ಮಾಡ್ತೀನಿ. ನೀವು ಹೂಂ ಅಂದ್ರೆ ಒಂದು ಗುಂಡಿ ಒತ್ತೋದು, ಅಷ್ಟೆ."

"ಅಷ್ಟೇನಾ?"

"ಮತ್ತಿನ್ನೇನು ಮೇಡಂ, ಹಾಕೋಕೆ ತಾನೇ ವರ್ಷ ಬೇಕಾಗಿದ್ದು. ಅಂದ ಹಾಗೆ ನಿಮ್ಮ ಕೋರ್ಸಲ್ಲಿ ಕಲಿತೋರು ನಲವತ್ತೊಂದು ಸಾವಿರದ ಇನ್ನೂರಾರು ಜನ. ಕೊನೇದಾಗಿ ನಾಲ್ಕು ಮಾತು ಬರೆದುಕೊಡಿ, ಎಲ್ಲರಿಗೂ ಕಳಿಸ್ತೀನಿ. ಸ್ವಲ್ಪ ಚೆನ್ನಾಗಿರೋ ಹಾಗೆ."

ಫೋನಿಟ್ಟ ಮೇಲೂ ಆ ಸಂಖ್ಯೆ ಕಿವಿಯಲ್ಲಿ ನಿಂತಿತ್ತು. ಅವಳಿಗೆ ಜನರನ್ನು ಅಂತಸ್ತುಗಳಲ್ಲಿ ಎಣಿಸಿ ಅಭ್ಯಾಸ. ಒಂದು ಅಂತಸ್ತಿಗೆ ನಲವತ್ತು ಜನ ಎಂದಿಟ್ಟುಕೊಂಡರೆ ಸಾವಿರಕ್ಕೂ ಮಿಕ್ಕಿ ಅಂತಸ್ತು. ಅಂಥದೊಂದು ಕಟ್ಟಡದಲ್ಲಿ ಲಿಫ್ಟು ಏರಿಳಿಯುವ ಬಾವಿಯ ತಳದಲ್ಲಿ ನಿಂತು ಕತ್ತೆತ್ತಿದರೆ ಏನು ಕಂಡೀತು? ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಮೊದಲ ದಿನ, ಮೇಸ್ತ್ರಿ ಅವಳನ್ನು ಬಾವಿಯ ತಳಕ್ಕಿಳಿಸಿ, ಮೇಲೆ ನೋಡು ಎಂದಿದ್ದ. ಹನ್ನೆರಡೇ ಅಂತಸ್ತು. ಎಣ್ಣೆ ಮೆತ್ತಿದ ಹಗ್ಗಗಳು ನೆಟ್ಟಗೆ ಏರಿ ಏರಿ, ಎಲ್ಲಿ ಮುಗಿದವು ಎಂದು ಗೊತ್ತಾಗದ ಹಾಗೆ ಕತ್ತಲಲ್ಲಿ ಸೇರಿ, ಅದರಾಚೆ ಬೆಂಕಿಪೊಟ್ಟಣದಷ್ಟು ಬೆಳಕು. ನಾಲಿಗೆ ಒಣಗಿತ್ತು. "ಹೆದರಿದ್ಯೇನೇ?" ಎಂದು ಮೇಸ್ತ್ರಿ ಕೇಳಿದಾಗ, ಇಲ್ಲ ಎಂದಿದ್ದಳು. ನಿಜವಾಗಿಯೂ ಅದು ಹೆದರಿಕೆಯಲ್ಲ. ಇಷ್ಟೊಂದು ಖಾಲಿ ಜಾಗ ಗೋಡೆಯ ಹಿಂದೆಯೇ ಇದೆ, ಜನ ಅದರ ಪಕ್ಕದಲ್ಲೇ ಊಟ ಮಾಡುತ್ತಾರೆ, ಜಗಳವಾಡುತ್ತಾರೆ, ಮಕ್ಕಳಿಗೆ ಮಗ್ಗಿ ಕಲಿಸುತ್ತಾರೆ, ಯಾರಿಗೂ ಗೊತ್ತಿಲ್ಲವಲ್ಲ ಎನ್ನುವ ಬೆರಗು. ಆಮೇಲೆ ಮೂವತ್ತೊಂದು ವರ್ಷ, ಹೆಂಗಸು ಬಂದು ಏನು ರಿಪೇರಿ ಮಾಡುತ್ತಾಳೆ ಎಂದು ಬಾಗಿಲಲ್ಲೇ ನಿಲ್ಲಿಸಿದವರ ಮುಂದೆ, ಗಂಡಸರು ಯಾರೂ ಬರಲಿಲ್ಲವೇ ಎಂದು ಅವಳ ಬೆನ್ನ ಹಿಂದೆ ಇಣುಕಿದವರ ಮುಂದೆ, ಆ ಬೆರಗನ್ನೇ ಚೀಲದಲ್ಲಿಟ್ಟುಕೊಂಡ ಹಾಗೆ ಹೋಗಿ ಬಂದಿದ್ದಳು.

ಪಾಠ ಮಾಡುವ ಆಸೆ ಅವಳದಲ್ಲ. ತಾಯಿ ಹಾಸಿಗೆ ಹಿಡಿದು, ಅವಳು ಕೆಲಸ ಬಿಟ್ಟು ಮನೆಯಲ್ಲೇ ಕೂತಾಗ ಸಂಸ್ಥೆಯವರೇ ಹುಡುಕಿಕೊಂಡು ಬಂದರು. ಹಳೆಯ ಲಿಫ್ಟುಗಳು ಇನ್ನೂ ಸಾವಿರಾರಿವೆ, ರಿಪೇರಿ ಗೊತ್ತಿರುವವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ನೀವು ಹೇಳಿಕೊಡಿ ಎಂದರು. ಮುಖ ಕಾಣಬೇಕು, ನಡುನಡುವೆ ನಗಬೇಕು ಎಂದೂ ಹೇಳಿದರು. ನಗುವುದಾದರೆ ನಾನು ಒಲ್ಲೆ ಎಂದು ಅವಳು ಹಟ ಹಿಡಿದದ್ದರಿಂದ ನಲವತ್ತಮೂರು ಪಾಠಗಳಲ್ಲಿ ಕಾಣುವುದು ಅವಳ ಎರಡು ಕೈ, ಆಗಾಗ ಬೆನ್ನು. ಮೂರು ಬಿಸ್ಕತ್ ಡಬ್ಬಿ ಪೇರಿಸಿ ಅದರ ಮೇಲೆ ಫೋನು ಒರಗಿಸಿ ತಾನೇ ಚಿತ್ರೀಕರಿಸಿದಳು. ಹಾಕಿದ ಮೇಲೆ ಮುಗಿಯಿತು ಎಂದುಕೊಂಡಿದ್ದಳು; ಶುರುವಾದದ್ದೇ ಆಗ. ಭಾನುವಾರ ಬೆಳಿಗ್ಗೆಯೆಲ್ಲ ಪ್ರಶ್ನೆಗಳಿಗೆ ಉತ್ತರ. ಹದಿನೇಳನೆಯ ಪಾಠದಲ್ಲಿ ಹಳದಿ ತಂತಿಯನ್ನು ಹಸಿರು ಎಂದದ್ದಕ್ಕೆ ಮುನ್ನೂರು ಜನ ತಿದ್ದಿದರು. ಇಪ್ಪತ್ತೆರಡರಲ್ಲಿ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಹದಿನೈದು ನಿಮಿಷ ಗಂಭೀರವಾಗಿ ಮಾತಾಡಿದ್ದಳು, ಒಬ್ಬ ಬಲು ವಿನಯದಿಂದ, "ಅಕ್ಕಾ, ಕಾಗದ ಸ್ವಲ್ಪ ತಿರುಗಿಸ್ತೀರಾ?" ಎಂದು ಬರೆದಿದ್ದ. ಆ ಅಕ್ಕ ಎನ್ನುವುದು ಅಂಟಿಕೊಂಡು, ಎಲ್ಲರಿಗೂ ಅವಳು ಲಿಫ್ಟಕ್ಕ ಆದಳು. ತಪ್ಪು ತೋರಿಸಿದ ಪಾಠವನ್ನೆಲ್ಲ ಅವಳು ಮತ್ತೆ ಮಾಡಿದಳು, ಕೆಲವನ್ನು ಮೂರು ಮೂರು ಸಲ. ಒಂಬತ್ತನೆಯದನ್ನು ಬಿಟ್ಟು.

ಒಂಬತ್ತನೆಯ ಪಾಠ ಕರೆಂಟು ತೆಗೆದು ಪ್ಯಾನೆಲು ತೆರೆಯುವುದು ಹೇಗೆ ಎಂಬುದು. ಅದರಲ್ಲಿ ಅವಳ ಕೈ ಮೇನ್ ಸ್ವಿಚ್ ಕೆಳಗೆಳೆಯುತ್ತದೆ. ಬಲ್ಬುಗಳು ಆರುತ್ತವೆ. ಆಮೇಲೆ ಅವಳು ಒಂದು ಮಾತೂ ಆಡದೆ ಎದ್ದು ಹೋಗುತ್ತಾಳೆ. ಆರು ನಿಮಿಷ, ಮುಚ್ಚಿದ ಪ್ಯಾನೆಲು, ಖಾಲಿ ಸ್ಟೂಲು. ಆಮೇಲೆ ಅವಳ ಕೈ ಮತ್ತೆ ಬಂದು, "ಕೂತ್ಕೊಂಡು ನೀರು ಕುಡಿದ್ರಲ್ಲ? ಈಗ ತೆಗೀರಿ" ಎನ್ನುತ್ತದೆ. ಮೊದಲ ವಾರವೇ ಕೇಳಿದರು: ಅಕ್ಕ ನಿದ್ದೆ ಹೋದರೇ? ಫೋನು ಕೆಟ್ಟಿತೇ? ಆ ಆರು ನಿಮಿಷ ಯಾತಕ್ಕೆ? ಕತ್ತರಿಸಿ ಹಾಕಿ ಎಂದರೆ ಸಂಸ್ಥೆಯವರು ಕತ್ತರಿಸುತ್ತಿದ್ದರು. ಆದರೆ ಕತ್ತರಿಸುವವನು ಕೇಳಿಸಿಕೊಳ್ಳುತ್ತಾನೆ. ತಾನೇ ಕತ್ತರಿಸಬೇಕೆಂದರೆ ತಾನು ಕೇಳಬೇಕು. ಒಳಗಿನ ಕೋಣೆಯಿಂದ ತಾಯಿ ಕರೆದಿದ್ದಳು, ಆ ದಿನ ನಾಲ್ಕನೆಯ ಸಲ, ನಾಲ್ಕನೆಯ ಸಲವೂ ಸರಿಯಾಗಿ ಸ್ವಿಚ್ ತೆಗೆದ ಹೊತ್ತಿಗೆ. ಅವಳು ಒಳಗೆ ಹೋಗಿ ಒಂದು ಮಾತು ಆಡಿದ್ದಳು. ಹತ್ತೊಂಬತ್ತು ದಿನಕ್ಕೆ ತಾಯಿ ಹೋದಳು. ಆ ಮಾತು ಗೋಡೆ ದಾಟಿ ಫೋನಿಗೆ ಬಿದ್ದಿದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಬಿದ್ದಿದ್ದರೆ, ಸಾವಿರಾರು ಜನರ ಕೈಯಲ್ಲಿ ಅದು ಇದೆ, ಯಾರಾದರೂ ಒಬ್ಬ ಧ್ವನಿ ಜಾಸ್ತಿ ಮಾಡಿದರೆ ಸಾಕು. ಮುಚ್ಚಿದ ಪೆಟ್ಟಿಗೆ ನೋಡುತ್ತ ಯಾರು ಧ್ವನಿ ಜಾಸ್ತಿ ಮಾಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಪ್ರಶ್ನೆಗಳ ಕೆಳಗೆ ಒಂದೇ ಸಾಲಿನ ಉತ್ತರ ಬರೆದಳು: ಪ್ಯಾನೆಲಿಗೆ ಸ್ವಲ್ಪ ವಿಶ್ರಾಂತಿ ಬೇಕು. ಶುದ್ಧ ಸುಳ್ಳು. ಆ ಹಳೆಯ ಪ್ಯಾನೆಲಿಗೆ ಯಾವ ವಿಶ್ರಾಂತಿಯೂ ಬೇಕಿಲ್ಲ, ಸ್ವಿಚ್ ತೆಗೆದ ಕ್ಷಣಕ್ಕೆ ಅದು ಸತ್ತ ಕಬ್ಬಿಣ.

ಜನ ಆ ಸುಳ್ಳನ್ನು ತಲೆಯ ಮೇಲೆ ಹೊತ್ತುಕೊಂಡರು. ನೀರಿನ ನಿಯಮ ಎಂದು ಅದಕ್ಕೆ ಹೆಸರೂ ಬಿತ್ತು. ಎಲ್ಲೆಲ್ಲಿಂದಲೋ ಚಿತ್ರಗಳು ಬರತೊಡಗಿದವು: ಕಟ್ಟಡಗಳ ನೆತ್ತಿಯ ಮೇಲೆ, ಇಕ್ಕಟ್ಟಿನ ಯಂತ್ರದ ಕೋಣೆಗಳಲ್ಲಿ, ಸ್ವಿಚ್ ತೆಗೆದು, ಡಬ್ಬಿಯ ಮೇಲೋ ಮೆಟ್ಟಿಲ ಮೇಲೋ ಕೂತು ನೀರು ಕುಡಿಯುತ್ತಿರುವ ಗಂಡಸರು, ಹೆಂಗಸರು. ಒಬ್ಬ ಬಾಟಲಿಯನ್ನು ಕ್ಯಾಮೆರಾದತ್ತ ಎತ್ತಿ ನಗುತ್ತಿದ್ದ. ಪ್ರತಿ ಚಿತ್ರವೂ ಅವಳಿಗೆ ಕೆನ್ನೆಗೆ ಹೊಡೆದ ಹಾಗಿರುತ್ತಿತ್ತು. ಆಮೇಲೆ ಮೂರು ತಿಂಗಳ ಹಿಂದೆ ಯಾರೋ ಬರೆದ ಎರಡು ಸಾಲು: ನಿಮ್ಮ ಪಾಠ ನೋಡಿ ಕೆಲಸ ಕಲಿತವರೊಬ್ಬರು ಹೊಸ ಮಾದರಿಯ ಲಿಫ್ಟಿನಲ್ಲಿ ಕೈ ಸುಟ್ಟುಕೊಂಡಿದ್ದಾರೆ. ಆಸ್ಪತ್ರೆಯಲ್ಲಿದ್ದಾರೆ. ಯಾರು, ಎಲ್ಲಿ, ಹೇಗೆ ಎಂದು ಅವಳು ಬರೆದದ್ದಕ್ಕೆ ಉತ್ತರ ಬರಲಿಲ್ಲ. ಉತ್ತರಕ್ಕೆ ಒಂದು ವಾರ ಕಾದು, ಎಂಟನೆಯ ದಿನ ಸಂಸ್ಥೆಗೆ ಬರೆದಳು: ಹೊಸ ಯಂತ್ರಗಳು ಬಂದಿವೆ, ನನ್ನದು ಹಳೆಯ ವಿದ್ಯೆ, ದಯವಿಟ್ಟು ಪಾಠಗಳನ್ನು ತೆಗೆಯಿರಿ. ಬರೆದದ್ದೆಲ್ಲ ನಿಜವೇ. ನಿಜದ ಹಿಂದೆ ಅವಿತುಕೊಳ್ಳುವುದು ಸುಳ್ಳಿನ ಹಿಂದೆ ಅವಿತುಕೊಳ್ಳುವುದಕ್ಕಿಂತ ಸುಲಭ ಎಂದು ಅವತ್ತು ಅನ್ನಿಸಿತ್ತು.

ಮಧ್ಯಾಹ್ನ ಎರಡೂವರೆಗೆ ಯಾರೋ ಬಾಗಿಲು ತಟ್ಟಿದರು. ನಲವತ್ತರ ಆಸುಪಾಸಿನ, ಕೂದಲು ತೆಳುವಾದ, ಗುಂಡು ಮುಖದ ಗಂಡಸು.

"ಲಿಫ್ಟಕ್ಕನ ಮನೆ ಇದೇನಾ? ಸಂಸ್ಥೆಯೋರು ವಿಳಾಸ ಕೊಟ್ರು. ನಾನೂ ಲಿಫ್ಟ್ ಮೆಕ್ಯಾನಿಕ್ಕು." ಅವಳು ಹೌದೆನ್ನುವ ಮೊದಲೇ ಅವನ ಕಣ್ಣು ಅವಳ ಭುಜದ ಮೇಲಿಂದ ಹಜಾರಕ್ಕೆ ಹೋಯಿತು. "ಅಯ್ಯಯ್ಯೋ, ಇದೇ ಅಲ್ವಾ! ಇದೇ ಪ್ಯಾನೆಲ್ಲು! ಆ ಮೂಲೇಲಿ ಬಣ್ಣ ಕಿತ್ತುಹೋಗಿರೋದು ಕೂಡ ಹಾಗೇ ಇದೆಯಲ್ಲ!" ಎನ್ನುತ್ತ, ದೊಡ್ಡವರೊಬ್ಬರನ್ನು ಕಾಣಲು ಬಂದವನ ಹಾಗೆ ಮೆತ್ತಗೆ ಒಳಗೆ ಬಂದು ಅದರ ಮುಂದೆ ನಿಂತ. ಆಮೇಲೆ ತಿರುಗಿ ಅವಳತ್ತ ನೋಡಿದ. ಮುಖದತ್ತ ಅಲ್ಲ.

"ನಿಮ್ಮ ಮುಖ ಎಲ್ಲಾದ್ರೂ ಕಂಡಿದ್ರೆ ಗುರುತು ಹಿಡೀತಿರಲಿಲ್ಲ ಅಕ್ಕ. ಕೈ ಆಗಿದ್ರೆ ಎಲ್ಲಿದ್ರೂ ಹಿಡೀತಿದ್ದೆ."

ಅವಳು ನಾಚಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಆಗಲೇ ಅವನ ಬಲಗೈ ಕಂಡದ್ದು. ಹೆಬ್ಬೆರಳಿಂದ ಮಣಿಕಟ್ಟಿನವರೆಗೆ ಚರ್ಮ ಬಿಗಿದು, ನುಣುಪಾಗಿ, ಬೇರೆ ಯಾರದೋ ಚರ್ಮ ತಂದು ಹೊಲಿದ ಹಾಗೆ ಗುಲಾಬಿ ಬಣ್ಣಕ್ಕಿತ್ತು; ಎರಡು ಬೆರಳು ಮಡಿಚಿಕೊಂಡೇ ಇದ್ದವು. ಮೂರು ತಿಂಗಳಿಂದ ಇಂಥದೇ ಒಂದು ಕೈಯನ್ನು ಅವಳು ಕಣ್ಣು ಮುಚ್ಚಿದಾಗೆಲ್ಲ ನೋಡಿದ್ದಳು. ಈಗ ಹಗಲು ಹೊತ್ತಿನಲ್ಲಿ, ತನ್ನದೇ ಹಜಾರದಲ್ಲಿ, ಅದು ಊಹಿಸಿದ್ದಕ್ಕಿಂತ ಚಿಕ್ಕದಾಗಿ, ಸಾಮಾನ್ಯವಾಗಿ ತೂಗಾಡುತ್ತಿತ್ತು.

"ನೀವೇನಾ ಅದು?" ಎಂದಳು.

"ನಾನೇ. ಬರೆದಿದ್ದು ನಮ್ಮ ಭಾವ. ಇಬ್ಬರೂ ಒಟ್ಟಿಗೇ ಕೆಲಸ ಮಾಡೋದು. ಆಸ್ಪತ್ರೆ ಓಡಾಟದಲ್ಲಿ ನಿಮಗೆ ಉತ್ತರ ಬರೆಯೋಕಾಗಲಿಲ್ಲವಂತೆ. ಪಾಠ ತೆಗೀತಾರೆ ಅಂತ ಮೊನ್ನೆ ಗೊತ್ತಾಯ್ತು. ಅದಕ್ಕೇ ಓಡಿಬಂದೆ."

"ನನ್ನ ಪಾಠದಿಂದ ಹೀಗಾಯ್ತಲ್ಲಪ್ಪ..."

"ಪಾಠದಿಂದ ಅಲ್ಲಕ್ಕ!" ಎಂದು ಅವನು ಗಾಬರಿಯಿಂದ ಕೈಯಾಡಿಸಿದ. "ಪಾಠ ಓಡಿಸಿದ್ದರಿಂದ. ಆ ಆರು ನಿಮಿಷ ನಾನು ನೋಡಲೇ ಇಲ್ಲ. ಖಾಲಿ ಸ್ಟೂಲು ಏನು ನೋಡೋದು ಅಂತ ಬೆರಳಲ್ಲಿ ಮುಂದಕ್ಕೆ ತಳ್ಳಿಬಿಟ್ಟೆ. ನಮ್ಮ ಭಾವ ಹಾಗಲ್ಲ, ನಿಮ್ಮ ಮಾತು ಅಂದ್ರೆ ಅವನಿಗೆ ಕಲ್ಲಲ್ಲಿ ಕೆತ್ತಿದ ಹಾಗೆ. ಸ್ವಿಚ್ ತೆಗೆದ ಅಂದ್ರೆ ಕೂತ, ಬಾಟಲಿ ತೆಗೆದ. ನಾನು ವರ್ಷಗಟ್ಟಲೆ ಗೇಲಿ ಮಾಡಿದೀನಿ. ಅವತ್ತೂ ಅವನು ಮೆಟ್ಟಿಲ ಮೇಲೆ ಕೂತ. ನೀನು ಕುಡೀತಾ ಇರು, ನಾನು ಮುಗಿಸ್ತೀನಿ ಅಂದೆ. ಟೆಸ್ಟ್ ಲ್ಯಾಂಪ್ ಹಿಡಿದು ನೋಡ್ದೆ, ಕರೆಂಟು ಬರೋ ಕಡೆ ಏನೂ ಇಲ್ಲ. ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಹಾಕ್ದೆ. ಆಮೇಲೆ ಗೊತ್ತಿರೋದು ಆಸ್ಪತ್ರೆ."

ಹೊಸ ಲಿಫ್ಟುಗಳಲ್ಲಿ ರಿಲೇಗಳ ಜಾಗಕ್ಕೆ ಡ್ರೈವ್ ಎನ್ನುವ ಒಂದು ಪೆಟ್ಟಿಗೆ ಬಂದಿದೆ, ಅದರೊಳಗೆ ಕರೆಂಟನ್ನು ಹಿಡಿದಿಡುವ ಕೆಪ್ಯಾಸಿಟರುಗಳಿರುತ್ತವೆ, ಸ್ವಿಚ್ ತೆಗೆದ ಮೇಲೂ ಅವು ಸ್ವಲ್ಪ ಹೊತ್ತು ಜೀವ ಹಿಡಿದಿರುತ್ತವೆ ಎಂಬುದು ಅವಳಿಗೆ ಓದಿ ಗೊತ್ತಿತ್ತು. ತಾನು ಕೈಯಿಟ್ಟು ನೋಡಿದವಳಲ್ಲ.

"ಡ್ರೈವ್ ಕಂಪನಿಯೋರು ಬಂದಿದ್ರು. ಐದು ನಿಮಿಷ ತಡೆದಿದ್ರೆ ಏನೂ ಆಗ್ತಿರಲಿಲ್ಲ ಅಂದ್ರು," ಎಂದ ಮೆಕ್ಯಾನಿಕ್ಕು. ಅವನ ದನಿ ಇಳಿಯಿತು. "ಭಾವ ಅಂದ, ನೋಡಿದ್ಯಾ, ಲಿಫ್ಟಕ್ಕ ಆರು ಅಂದಿದ್ದು ಸುಮ್ನೆ ಅಲ್ಲ. ಆ ಪಾಠ ಮಾಡಿದಾಗ ಈ ಡ್ರೈವ್ ನಮ್ಮ ಕಡೆ ಬಂದೇ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?"

ತಲೆ ತಾನಾಗಿಯೇ ಒಂದಿಷ್ಟು ಬಾಗಿತು. ಇನ್ನರ್ಧ ಇಂಚು ಬಾಗಿದ್ದರೆ ಅದು ಹೂಂ ಆಗುತ್ತಿತ್ತು; ಅನುಭವಪ್ಪ, ಅನುಭವ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಈ ಮನುಷ್ಯ ಅದನ್ನು ನಂಬಿ, ಸುಟ್ಟ ಕೈಯಿಂದಲೇ ನಮಸ್ಕಾರ ಮಾಡಿ ಹೋಗುತ್ತಿದ್ದ. ಎರಡೂವರೆ ಗಂಟೆ ಕಳೆದರೆ ಪಾಠ ಹೋಗುತ್ತದೆ, ಅದರ ಜೊತೆ ಎಲ್ಲವೂ ಹೋಗುತ್ತದೆ, ಅವನ ಭಾವನ ಪಾಲಿಗೆ ತಾನು ಸಾಯುವ ತನಕ ಮುಂದಿನದನ್ನು ಕಂಡವಳು.

"ಗೊತ್ತಿರಲಿಲ್ಲ," ಎಂದಳು. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. "ನಂಗೇನೂ ಗೊತ್ತಿರಲಿಲ್ಲ. ಪ್ಯಾನೆಲಿಗೆ ವಿಶ್ರಾಂತಿ ಅನ್ನೋದೆಲ್ಲ ಸುಳ್ಳು. ನಮ್ಮಮ್ಮ ಒಳಗೆ ಮಲಗಿದ್ಲು. ಕರೆದ್ಲು. ಎದ್ದು ಹೋದೆ. ಹೋಗಿ ಬೈದೆ. ಬೈದು ಬಂದು ಪಾಠ ಮುಂದುವರಿಸಿದೆ. ಅಷ್ಟೇ ಅದು."

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ನಗುತ್ತಾನೋ ಸಿಟ್ಟಾಗುತ್ತಾನೋ ಎಂದು ಅವಳು ಕಾದಳು. ಅವನು ಎರಡೂ ಮಾಡಲಿಲ್ಲ.

"ಬೈದಿದ್ದು ಪಾಠದಲ್ಲಿ ಕೇಳ್ಸತ್ತಾ?"

"ಕೇಳ್ಸಬಹುದು. ನಾನು ಒಂದು ಸಲವೂ ಕೇಳಿಲ್ಲ."

"ನಿಮ್ಮತ್ರ ಬೇರೆ ಪ್ರತಿ ಇದ್ಯಾ?"

"ಆ ಫೋನು ಯಾವತ್ತೋ ಹಾಳಾಯ್ತು."

"ಹಾಗಾದ್ರೆ ಐದು ಗಂಟೆ ಆದ್ಮೇಲೆ ಕೇಳ್ಬೇಕು ಅಂದ್ರೂ ಸಿಗಲ್ಲ," ಎಂದ ಅವನು, ಲಿಫ್ಟಿನ ದೋಷ ಹೇಳುವ ಹಾಗೆ, ನೇರವಾಗಿ. "ನಾನು ಹೊರಗೆ ನಿಂತಿರಲಾ?"

ಬೇಡ ಎಂದಳು. ಒಬ್ಬಳೇ ಆದರೆ ತಾನು ಗುಂಡಿ ಒತ್ತುವವಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವನು ಎಡಗೈಯಲ್ಲಿ ಕಂಪ್ಯೂಟರಿಗೆ ಸ್ಪೀಕರು ಸಿಕ್ಕಿಸಿದ. ಪರದೆಯ ಮೇಲೆ ಇದೇ ಪ್ಯಾನೆಲು, ಹನ್ನೊಂದು ವರ್ಷ ಎಳೆಯ ಕೈ. ಸ್ವಿಚ್ ಕೆಳಗಿಳಿಯಿತು. ಬಲ್ಬು ಆರಿತು. ಒಳಗಿನಿಂದ ಬಹಳ ಸಣ್ಣಗೆ, ಗಾಳಿಯ ಸದ್ದಿನೊಳಗೆ ಇನ್ನೊಂದು ಸದ್ದು: ಮಗಳೇ. ಸ್ಟೂಲು ಕಿರುಗುಟ್ಟಿತು. ಅವನು ಧ್ವನಿಯನ್ನು ಕೊನೆಯವರೆಗೆ ಏರಿಸಿದ. ಆಗ ಅವಳ ಸ್ವಂತ ದನಿ, ಅವಳು ಹನ್ನೊಂದು ವರ್ಷ ಹೊತ್ತು ತಿರುಗಿದ ದನಿ, ಒಂದಕ್ಷರ ಅತ್ತಿತ್ತ ಆಗದೆ ಹಜಾರದಲ್ಲಿ ಬಿದ್ದಿತು: "ಒಂದು ದಿನ, ಒಂದೇ ಒಂದು ದಿನ ಬಾಯ್ಮುಚ್ಚಿಕೊಂಡಿರೋಕೆ ಏನು ರೋಗ ನಿಂಗೆ? ಜೀವ ತಿಂದುಬಿಟ್ಯಲ್ಲ ನಂದು!" ಮೆಕ್ಯಾನಿಕ್ಕು ನೆಲ ನೋಡಿದ. ನೆನಪಿನಲ್ಲಿ ಅದು ಅಲ್ಲಿಗೇ ಮುಗಿಯುತ್ತಿತ್ತು. ಆ ಮಾತಿನ ನಂತರ ಮೌನ, ಮೌನದ ನಂತರ ಸಾವು. ಆದರೆ ಪರದೆಯ ಕೆಳಗೆ ಸೆಕೆಂಡುಗಳು ಓಡುತ್ತಲೇ ಇದ್ದವು. ಬಟ್ಟೆ ಸರಿಸುವ ಸದ್ದು. ಮಂಚ ಅಲುಗಿದ ಸದ್ದು. ಹಾಸಿಗೆಯ ಚಾದರ ಬದಲಿಸುತ್ತಿದ್ದಾಳೆ. ಹೌದು, ಬದಲಿಸಿದ್ದಳು, ಅದು ಮರೆತೇಹೋಗಿತ್ತು. ಯಾರೂ ಮಾತಾಡದ ಎರಡು ನಿಮಿಷ. ಆಮೇಲೆ ತಾಯಿಯ ದನಿ, ನಿಧಾನ, ಗಟ್ಟಿಯಾಗಿ, ಏನೂ ಆಗಿಲ್ಲವೆಂಬಂತೆ.

"ಹೊರಗೆ ಯಾರ ಜೊತೆ ಮಾತಾಡ್ತಿದ್ದೆ?"

"ಯಾರೂ ಇಲ್ಲಮ್ಮ. ಪಾಠ ಕಲಿಯೋರು."

"ಎಷ್ಟು ಜನ?"

"ಗೊತ್ತಿಲ್ಲ. ಹತ್ತೋ ಹನ್ನೆರಡೋ ಆಗಬಹುದು."

"ಅಷ್ಟು ಜನಾನಾ! ನಿಲ್ಸಿ ಬಂದಿದೀಯಾ? ಕೂರ್ಸು ಮೊದಲು. ನೀರು ಕೊಟ್ಯಾ?"

"ಕೊಡ್ತೀನಮ್ಮ."

"ಕೊಡು ಹೋಗು. ನಂದೇನೂ ಅವಸರ ಇಲ್ಲ."

ಚಪ್ಪಲಿಯ ಸದ್ದು ಹತ್ತಿರವಾಯಿತು. ಸ್ಟೂಲು ಮತ್ತೆ ಕಿರುಗುಟ್ಟಿತು. "ಕೂತ್ಕೊಂಡು ನೀರು ಕುಡಿದ್ರಲ್ಲ? ಈಗ ತೆಗೀರಿ," ಎಂದಿತು ಪರದೆಯೊಳಗಿನ ಕೈ.

ಮೆಕ್ಯಾನಿಕ್ಕು ನಿಲ್ಲಿಸಿದ. ಬೀದಿಯಲ್ಲಿ ಯಾರೋ ಗಾಡಿ ಶುರುಮಾಡಲು ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಬಂದದ್ದು ಬಾವಿಯ ತಳದಲ್ಲಿ ನಿಂತ ಹಾಗಿನ ಒಂದು ಒಣ ನಾಲಿಗೆ. ಬೈದದ್ದು ಬೈದದ್ದೇ, ಅದು ಎಲ್ಲೂ ಹೋಗಿರಲಿಲ್ಲ, ಒಂದಿಷ್ಟೂ ಮೆತ್ತಗಾಗಿರಲಿಲ್ಲ. ಆದರೆ ಅದರ ಪಕ್ಕದಲ್ಲೇ ಇದು ಇತ್ತು, ಇಷ್ಟು ವರ್ಷ, ಗೋಡೆಯ ಹಿಂದೆ. ಮಗಳ ಹೆಸರು ಮರೆತಿದ್ದ, ತಾನು ಊಟ ಮಾಡಿದ್ದು ಮರೆತಿದ್ದ, ಒಂದು ಯಂತ್ರದ ಕೋಣೆಯನ್ನೂ ಜನ್ಮದಲ್ಲಿ ಕಾಣದ ಹೆಂಗಸು, ಕಣ್ಣಿಗೆ ಕಾಣದ ಹತ್ತು ಹನ್ನೆರಡು ಜನ ತನ್ನ ಹಜಾರದಲ್ಲಿ ನಿಂತೇ ಇದ್ದಾರಲ್ಲ ಎಂದು ಸಂಕಟಪಟ್ಟಿದ್ದಳು. ಆ ಸಂಕಟ ಎಷ್ಟೋ ಊರುಗಳ ನೆತ್ತಿಯ ಮೇಲೆ ಎಷ್ಟೋ ಸಾವಿರ ಜನರನ್ನು ಕೂರಿಸಿತ್ತು. ಅವರಲ್ಲಿ ಎಷ್ಟು ಜನರ ಕೈ ಉಳಿಯಿತೋ, ಉಳಿದ ಕೈ ತಾನು ಉಳಿದೆನೆಂದು ಎಲ್ಲಿ ಬರೆಯುತ್ತದೆ? ಯಾರ ಜಾಣತನವೂ ಅದರಲ್ಲಿರಲಿಲ್ಲ. ಅವಳದಂತೂ ಅಲ್ಲವೇ ಅಲ್ಲ. ಇದು ತನ್ನ ಪಾಲಿಗೆ ಬಂದ ಕ್ಷಮೆಯೋ ಎಂದು ಒಂದು ಸಲ ಯೋಚಿಸಿ, ಅಲ್ಲ, ಅಷ್ಟು ಚಿಕ್ಕದಲ್ಲ ಇದು, ಎಂದು ಬಿಟ್ಟುಬಿಟ್ಟಳು.

"ಪಾಠ ತೆಗೀಬೇಡಿ ಅಕ್ಕ," ಎಂದ ಅವನು. "ಅದನ್ನೇ ಕೇಳೋಕೆ ಬಂದಿದ್ದು ನಾನು."

"ತೆಗೀಲೇಬೇಕು ಕಣಪ್ಪ." ನೀವು ಎನ್ನುವುದು ಯಾವಾಗ ಜಾರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. "ನಿನ್ನ ಭಾವ ನಂಬಿದ. ನೀನು ನಂಬಲಿಲ್ಲ. ಯಾಕೆ ಕೂರಬೇಕು ಅಂತ ನಾನು ನಿಜ ಹೇಳಿದ್ದರೆ ನೀನೂ ಕೂತಿರ್ತಿದ್ದೆ. ಕಾರಣ ಗೊತ್ತಿಲ್ಲದ ಮಾತನ್ನ ಎಷ್ಟು ಜನ ಕೇಳ್ತಾರೆ? ಇನ್ನೊಬ್ಬ ಓಡಿಸ್ತಾನೆ. ಆರು ನಿಮಿಷ ಸಾಲದ ದೊಡ್ಡ ಡ್ರ‍ೈವ್ ಇರುತ್ತೆ, ಅಲ್ಲಿ ನಂಬಿ ಕೂತವನೂ ಸುಟ್ಕೋತಾನೆ."

ಅವಳು ಕೂತು ಎಲ್ಲರಿಗೂ ಕಳಿಸುವ ನಾಲ್ಕು ಮಾತು ಬರೆದಳು. ಚೆನ್ನಾಗಿರುವ ಹಾಗೆ ಬರೆಯಲಿಲ್ಲ. ಒಂಬತ್ತನೆಯ ಪಾಠದಲ್ಲಿ ನಾನು ಎದ್ದುಹೋದದ್ದು ಕಾಯಿಲೆಯ ತಾಯಿ ಕರೆದದ್ದಕ್ಕೆ. ವಿಶ್ರಾಂತಿ ಬೇಕು ಎಂದದ್ದು ಸುಳ್ಳು, ತಪ್ಪಾಯಿತು. ನೀರು ಕುಡಿಯಿರಿ ಎಂದದ್ದು ನನ್ನ ಮಾತಲ್ಲ, ಆಕೆಯದು. ಹಳೆಯ ಪ್ಯಾನೆಲಿಗೆ ಕಾಯಬೇಕಿಲ್ಲ. ಹೊಸ ಡ್ರೈವ್ ಇದ್ದರೆ ಕಾಯಲೇಬೇಕು, ಎಷ್ಟು ಎಂದು ಅದರ ಮೇಲೆಯೇ ಬರೆದಿರುತ್ತದೆ. ಕಾದ ಮೇಲೂ ಒಳಗೆ ಮೀಟರು ಹಿಡಿದು ನೋಡದೆ ಮುಟ್ಟಬೇಡಿ. ಓದಿ ತೋರಿಸಿದಾಗ ಮೆಕ್ಯಾನಿಕ್ಕು ಒಂದೇ ತಿದ್ದುಪಡಿ ಹೇಳಿದ: "ಟೆಸ್ಟ್ ಲ್ಯಾಂಪ್ ಸಾಲದು ಅಂತಾನೂ ಹಾಕಿ."

ಐದಕ್ಕೆ ಫೋನು ಬಂತು. "ಕಳಿಸಿದೆ ಮೇಡಂ, ಎಲ್ಲರಿಗೂ ಹೋಯ್ತು," ಎಂದ ಅಧಿಕಾರಿ. ಅವನ ಗಡಿಬಿಡಿ ಯಾಕೋ ಕಡಿಮೆಯಾಗಿತ್ತು. "ನಾನೂ ಓದ್ದೆ. ಈಗ ನೂರ ಹದಿನೇಳು ಜನ ಪಾಠಗಳನ್ನ ನೋಡ್ತಾ ಇದಾರೆ. ತೆಗೀಲಾ?"

"ಒಂಬತ್ತನೇದರಲ್ಲಿ ಯಾರಾದ್ರೂ ಇದಾರಾ?"

ಕೀಲಿಗಳ ಸದ್ದು. "ನಾಲ್ಕು ಜನ ಇದಾರೆ. ಆ ಖಾಲಿ ಭಾಗದಲ್ಲೇ ಇದಾರೆ ಮೇಡಂ. ಓಡಿಸ್ತಾ ಇಲ್ಲ. ಹಾಗೇ ಕೂತಿದಾರೆ."

"ಅವರದು ಮುಗೀಲಿ."

ಮೂವರೂ ಕಾದರು, ಅವಳು, ಸ್ಟೂಲಿನ ಮೇಲಿನ ಮೆಕ್ಯಾನಿಕ್ಕು, ಫೋನಿನ ಆ ತುದಿಯಲ್ಲಿ ಉಸಿರಾಡುತ್ತಿದ್ದ ಅಧಿಕಾರಿ. ಎಲ್ಲೋ ನಾಲ್ಕು ಕೋಣೆಗಳಲ್ಲಿ ನಾಲ್ವರು ಮುಚ್ಚಿದ ಒಂದು ಬೂದು ಪೆಟ್ಟಿಗೆಯನ್ನು ನೋಡುತ್ತ ಕೂತಿದ್ದರು. ಧ್ವನಿ ಏರಿಸಿದ್ದಾರೋ ಏನೋ. ಏರಿಸಿಕೊಳ್ಳಲಿ. "ಮುಗೀತು ಮೇಡಂ," ಎಂದ ಅಧಿಕಾರಿ. "ತೆಗಿ," ಎಂದಳು. ಪರದೆಯ ಮೇಲೆ ಪ್ಯಾನೆಲಿನ ಚಿತ್ರ ಹೋಗಿ, ಈ ಪಾಠಮಾಲೆ ಈಗ ಲಭ್ಯವಿಲ್ಲ ಎಂಬ ಒಂದು ಸಾಲು ಬಂತು. ಸ್ವಿಚ್ ತೆಗೆದಷ್ಟೂ ಸದ್ದಾಗಲಿಲ್ಲ.

ಮೆಕ್ಯಾನಿಕ್ಕು ಎದ್ದು ಕೆಳಗಿಳಿದು ಹೋದ. ಹೇಳದೆಯೇ ಹೊರಟುಹೋದನೇ ಎಂದು ಅವಳು ಕಿಟಕಿಯಲ್ಲಿ ಇಣುಕಿದಾಗ ಅವನು ಬೈಕಿನ ಹಿಂದೆ ಕಟ್ಟಿದ್ದ ಗೋಣಿಚೀಲ ಬಿಚ್ಚುತ್ತಿದ್ದ. ಮೇಲೆ ತಂದು ಮೇಜಿನ ಮೇಲಿಟ್ಟ. ದೊಡ್ಡ ನಿಘಂಟಿನಷ್ಟು ಗಾತ್ರದ ಪೆಟ್ಟಿಗೆ.

"ಡ್ರೈವ್. ರಿಪೇರಿಗೆ ಬಂದಿದ್ದು, ಈಗ ಸರಿಯಾಗಿದೆ. ಹೊಸ ಪಾಠ ಮಾಡ್ತೀರೇನೋ ಅಂತ ತಂದೆ."

"ನಂಗೆ ಇದು ಬರಲ್ಲ ಕಣಪ್ಪ."

"ನಂಗೆ ಬರುತ್ತೆ. ಆದ್ರೆ ಬೆರಳು ಬಿಚ್ಚಲ್ಲ," ಎಂದ. "ನಾನು ಹೇಳ್ತೀನಿ, ನೀವು ಮಾಡಿ."

ಅರವತ್ತಾರನೆಯ ವಯಸ್ಸಿನಲ್ಲಿ ಅವಳು ಕನ್ನಡಕ ಒರೆಸಿಕೊಂಡು ಅವನ ಎದುರು ಕೂತಳು. ಈ ತಂತಿ ಇಲ್ಲಿಗೆ, ಅಲ್ಲಲ್ಲ, ಅದರ ಪಕ್ಕ, ಬಿಗಿಯಾಗಿ ಎಂದು ಅವನು ಹೇಳಿದ ಹಾಗೆ ಮಾಡಿದಳು. ಒಂದು ಸಲ ತಪ್ಪಿದಳು. ಅವನು ತುಂಬ ವಿನಯದಿಂದ ತಿದ್ದಿದ. ಕರೆಂಟು ಕೊಟ್ಟರು. ಮೀಟರಿನ ಎರಡು ಮೊನೆಗಳನ್ನು ಅವನು ತೋರಿಸಿದ ತುದಿಗಳಿಗೆ ಸಿಕ್ಕಿಸಿ ಕೈ ಹಿಂದೆಗೆದಳು. ಮುನ್ನೂರ ಇಪ್ಪತ್ತೆರಡು ಎಂದಿತು ಮೀಟರು.

"ಈಗ ತೆಗೀರಿ."

ತೆಗೆದಳು. ಡ್ರೈವಿನ ದೀಪ ಆರಿತು. ಪ್ಲಗ್ಗನ್ನೇ ಕಿತ್ತು ಮೇಜಿನ ಮೇಲಿಟ್ಟಳು. ಮುನ್ನೂರ ಹದಿನೈದು. ಮುನ್ನೂರ ಒಂಬತ್ತು. ಮುನ್ನೂರ ಎರಡು. ಅವಳು ಪ್ಲಗ್ಗನ್ನು ನೋಡಿದಳು, ಮೀಟರನ್ನು ನೋಡಿದಳು, ಮತ್ತೆ ಪ್ಲಗ್ಗನ್ನು ನೋಡಿದಳು.

"ಎಲ್ಲಿಂದ ಬರ್ತಿದೆ ಇದು?"

"ಎಲ್ಲಿಂದ್ಲೂ ಬರ್ತಿಲ್ಲ ಅಕ್ಕ. ಉಳಿದಿರೋದು."

ಇನ್ನೂರ ನಲವತ್ತು. ಇನ್ನೂರ ಹನ್ನೊಂದು. ಪುಸ್ತಕದಲ್ಲಿ ಓದಿದಾಗ ಇದು ಒಂದು ಸಾಲಾಗಿತ್ತು. ಈಗ ಕಣ್ಣೆದುರು, ಯಾವ ತಂತಿಯ ಹಂಗೂ ಇಲ್ಲದೆ, ಸದ್ದಿಲ್ಲದೆ, ಬಿಸಿಯಾಗದೆ, ಹೆಬ್ಬೆರಳ ಗಾತ್ರದ ನಾಲ್ಕು ಡಬ್ಬಿಗಳೊಳಗೆ ಅದು ಕೂತಿತ್ತು. ಒಬ್ಬ ಮನುಷ್ಯನ ಕೈಯನ್ನು ಸುಡುವಷ್ಟು, ಒಂದು ಬಲ್ಬನ್ನು ಅರೆಗಳಿಗೆ ಹೊತ್ತಿಸುವಷ್ಟು. ನೂರ ಐವತ್ತು. ತೊಂಬತ್ತೆಂಟು. ಬಿಸಿಲು ಮೇಜಿನಿಂದ ಗೋಡೆಗೆ ಏರಿತ್ತು. ಇಬ್ಬರೂ ಮೊಣಕೈ ಊರಿಕೊಂಡು, ತಲೆಗೆ ತಲೆ ತಾಗುವಷ್ಟು ಬಾಗಿ ನೋಡುತ್ತಿದ್ದರು. ಅರವತ್ತು ದಾಟಿದ ಮೇಲೆ ಅಂಕಿಗಳು ಇಳಿಯುವುದೇ ನಿಧಾನವಾಯಿತು, ಹೋಗಲು ಮನಸ್ಸಿಲ್ಲದ ಹಾಗೆ. ನಲವತ್ತು. ಇಪ್ಪತ್ತಾರು. ಹದಿನೆಂಟು.

"ಈಗ ಮುಟ್ಟಬಹುದು," ಎಂದ ಅವನು. "ಇಷ್ಟಕ್ಕೆ ಏನೂ ಆಗಲ್ಲ."

ಅವಳು ಕೈ ಚಾಚಲಿಲ್ಲ. ಕಣ್ಣೂ ತೆಗೆಯಲಿಲ್ಲ.

"ತಾಳು," ಎಂದಳು ಪಿಸುದನಿಯಲ್ಲಿ. "ಇನ್ನೂ ಇದೆ."